ನಾವಿಲ್ಲಿಗೆ ಯಾಕೆ ಬಂದ್ವಿ

ಏಪ್ರಿಲ್ ೨೪, ಗುರುವಾರ

ಹೇಳಿಬಿಟ್ಟೆ. ಒಣಗಿದ ಬಟ್ಟೆ ಮಡಚುತ್ತಿದ್ದೆ. ನನ್ನ ಗಂಡ, ಸೂಜಿಯ ಅಪ್ಪ, ಬಾಗಿಲ ಬಳಿ ಕೂತು ಕೆಲಸದ ಬೂಟುಗಳ ಗ್ರೀಸ್ ಒರೆಸುತ್ತಿದ್ದರು. ಎಷ್ಟೋ ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇವತ್ತು ಒಂದು ಟವೆಲಿನ ಮೇಲೆ ಇನ್ನೊಂದು ಟವೆಲ್ ಇಟ್ಟಷ್ಟು ಸಲೀಸಾಗಿ ಹೊರಗೆ ಬಂತು.

"ನಾವು ಬೇರೆ ಆಗೋಣ. ಹೀಗೆ ಒಂದೇ ಮನೇಲಿ ಇದ್ದು ಏನು ಸುಖ?"

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. "ಆಯ್ತು" ಎಂದರು.

ಅಷ್ಟೇ. ಇಷ್ಟು ವರ್ಷದ ಸಂಸಾರಕ್ಕೆ ಎರಡಕ್ಷರ. ನಾನು ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದೆ. ಕೂಗಾಡುತ್ತಾರೆ, ಅಳುತ್ತಾರೆ, ಕಡೇಪಕ್ಷ "ಯಾಕೆ" ಎನ್ನುತ್ತಾರೆ ಎಂದುಕೊಂಡಿದ್ದೆ. ಮೈಯ ಬಲವನ್ನೆಲ್ಲ ಹಾಕಿ ಬಾಗಿಲು ತಳ್ಳಲು ಹೋದರೆ ಅಲ್ಲಿ ಬಾಗಿಲೇ ಇಲ್ಲದೆ ಮುಗ್ಗರಿಸಿದ ಹಾಗಾಯಿತು.

ಈ ಮನುಷ್ಯನ ಬಾಯಿ ಒಂದು ಕಾಲದಲ್ಲಿ ಮುಚ್ಚುತ್ತಿರಲಿಲ್ಲ. ಲಿಫ್ಟ್ ರಿಪೇರಿ ಇವರ ಕೆಲಸ. ಒಳಗೆ ಸಿಕ್ಕಿಕೊಂಡವರು ಹೆದರದಿರಲೆಂದು ಬಾಗಿಲ ಈಚೆಯಿಂದ ಕಥೆ ಹೇಳುತ್ತಾರೆ, ಹೊರಗೆ ಬಂದವರು "ಕಥೆ ಮುಗಿಸಿ ಬಾಗಿಲು ತೆಗೀಬಾರದಿತ್ತಾ" ಎನ್ನುತ್ತಾರೆ ಎಂದು ಇವರ ಜೊತೆಗಾರ ದಪ್ಪಣ್ಣ ಹೇಳಿ ಹೇಳಿ ನಗುತ್ತಿದ್ದರು. ದಪ್ಪಣ್ಣ ಕೆಲಸದಲ್ಲಿ ಬಿದ್ದು ತೀರಿಕೊಂಡ ಮೇಲೆ ಇವರು ಸುಮ್ಮನಾದಾಗ ದುಃಖ ಎಂದು ನಾನೂ ಸುಮ್ಮನಿದ್ದೆ. ಆದರೆ ದುಃಖಕ್ಕೂ ಒಂದು ಕೊನೆ ಬೇಡವೇ? ಒಂದೂವರೆ ವರ್ಷವಾಯಿತು. ಊಟ ಹಾಕು, ಹೊರಟೆ, ಬಂದೆ, ಆಯ್ತು. ಇದು ದುಃಖವಲ್ಲ. ಇದು ನನ್ನ ಮುಖ ನೋಡಿ ಬೇಸರ ಬಂದದ್ದು. ಮೌನ ಬಂಗಾರ ಎನ್ನುತ್ತಾರೆ. ಹಾಗಾದರೆ ನಮ್ಮ ಮನೆ ಚಿನ್ನದ ಗಣಿ.

ಬೂಟು ಕಟ್ಟಿಕೊಂಡು ಏಳುವಾಗ ಇನ್ನೊಂದು ಮಾತು ಬಂತು. "ಸೂಜಿಗೆ ನೀರಿನ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಅದೊಂದು ಮುಗಿಲಿ. ಆಮೇಲೆ ಹೇಳೋಣ ಅವಳಿಗೆ."

ಸೂಜಿ ನಮ್ಮ ಮಗಳು. ಒಂಬತ್ತು ವರ್ಷ. ತೆಳ್ಳಗೆ, ಚೂಪಾಗಿ, ಎಲ್ಲದರೊಳಗೂ ತೂರಿಕೊಳ್ಳುತ್ತಾಳೆ ಎಂದು ಅವರಪ್ಪನೇ ಇಟ್ಟ ಅಡ್ಡಹೆಸರು. ಅದನ್ನು ಇಟ್ಟ ದಿನ ಎಷ್ಟು ನಕ್ಕಿದ್ದರು.

ಏಪ್ರಿಲ್ ೨೯, ಮಂಗಳವಾರ

ಸೂಜಿಯ ಅಪ್ಪ ರೂಮು ನೋಡಿದ್ದಾರೆ. ಟೈರ್ ಅಂಗಡಿಯ ಮೇಲೆ. ಒಂದೇ ಕಿಟಕಿಯಂತೆ. "ಕಿಟಕಿ ಎಷ್ಟಗಲ ಇದೆ?" ಎಂದು ಬಾಯಿ ತಪ್ಪಿ ಕೇಳಿದೆ. ಪರದೆ ಹೊಲಿಯುವವಳ ನಾಲಿಗೆ, ಕಿಟಕಿ ಎಂದ ಕೂಡಲೇ ಅಳತೆ ಕೇಳುತ್ತದೆ. "ನೋಡಿಲ್ಲ" ಎಂದರು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಸರಿಯಾಗಿ ಮಾಡ್ದೆ ಬಿಡು" ಎಂದಳು. "ಗೋಡೆ ಜೊತೆ ಸಂಸಾರ ಮಾಡೋಕಾಗತ್ತಾ? ಗೋಡೆಗಾದ್ರೂ ಒಂದು ಮೊಳೆ ಹೊಡೆದು ಕ್ಯಾಲೆಂಡರ್ ನೇತು ಹಾಕಬಹುದು." ನಗು ಬಂತು. ಆಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕೂತು ಅರ್ಧ ಬಿಟ್ಟಿದ್ದ ಪರದೆ ಮುಗಿಸಿದೆ.

ಮೇ ೨, ಶುಕ್ರವಾರ

ನಾಳೆ ಪಾರ್ಕು. ಸೂಜಿ ಈಜುಡುಪು ಹಾಕಿಕೊಂಡೇ ಮನೆಯೆಲ್ಲ ಓಡಾಡುತ್ತಿದ್ದಾಳೆ. ಸೋಫಾದ ಮೇಲಿಂದ ನೆಲಕ್ಕೆ ಜಾರಿ ಅಭ್ಯಾಸ ಮಾಡುತ್ತಿದ್ದಾಳೆ. "ಅಮ್ಮಾ, ಅಪ್ಪಂಗೆ ನೀರು ಅಂದ್ರೆ ಭಯಾನಾ?" ಎಂದಳು. ಇಲ್ಲ ಎಂದೆ. "ಮತ್ತೆ ಯಾಕೆ ಅಷ್ಟು ಸಪ್ಪೆ?" ಎಂದಳು.

ಭಾನುವಾರ ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಹೇಳುವುದು ಎಂದು ನಿಶ್ಚಯವಾಗಿದೆ. ಅಕ್ಕ ಬರುತ್ತಾಳೆ. ನಾನು ಏನು ಹೇಳಬೇಕೆಂದು ಕನ್ನಡಿಯ ಮುಂದೆ ನಿಂತು ಆಡಿ ನೋಡಿದೆ. ಮೂರು ವಾಕ್ಯದ ಮೇಲೆ ಹೋಗಲಾಗಲಿಲ್ಲ.

ಮೇ ೩, ಶನಿವಾರ

ಬರೆಯಲು ಆಗುತ್ತಿಲ್ಲ. ಅವರು ಆಸ್ಪತ್ರೆಯಲ್ಲಿದ್ದಾರೆ. ಏಟಾಗಿಲ್ಲ, ರಕ್ತವಿಲ್ಲ, ಜ್ವರವಿಲ್ಲ. ನಿಗಾ ವಾರ್ಡಿನಲ್ಲಿ ಇಟ್ಟಿದ್ದಾರೆ. ಅಲ್ಲಿ ಮನೆಯವರು ಉಳಿಯುವಂತಿಲ್ಲ ಎಂದು ಕಳಿಸಿಬಿಟ್ಟರು. ಅಕ್ಕ ಬಂದು ನಮ್ಮಿಬ್ಬರನ್ನೂ ಮನೆಗೆ ಕರೆತಂದಳು.

ಮಣಿಕಟ್ಟಿನ ಮೇಲೆ ಅವರ ಬೆರಳುಗಳ ಗುರುತು ಇನ್ನೂ ಕೆಂಪಗೆ ಇದೆ. ಹಾಗೆ ಹಿಡಿದುಕೊಂಡಿದ್ದರು.

ಮೇ ೪, ಭಾನುವಾರ

ನಿನ್ನೆ ಆದದ್ದನ್ನು ಆದ ಹಾಗೇ ಬರೆದಿಡಬೇಕು. ಇಲ್ಲದಿದ್ದರೆ ಇನ್ನೊಂದು ವಾರಕ್ಕೆ ನಾನೇ ನಂಬುವುದಿಲ್ಲ.

ಬೆಳಿಗ್ಗೆ ಎಲ್ಲವೂ ನಮ್ಮ ಮನೆಯ ಹಾಗೇ ಇತ್ತು. ಅಂದರೆ ಸದ್ದಿಲ್ಲದೆ. ಸೂಜಿ ಮುಂದೆ ಓಡುತ್ತಿದ್ದಳು, ನಾವಿಬ್ಬರೂ ಅವಳ ಹಿಂದೆ, ನಮ್ಮಿಬ್ಬರ ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟುಕೊಂಡು. ಸೂಜಿಯ ಅಪ್ಪ ಯಾವ ಆಟದ ಮುಂದೆ ನಿಂತರೂ ಆಟ ನೋಡುತ್ತಿರಲಿಲ್ಲ, ಅದರ ಸರಪಳಿ, ಗಾಲಿ, ಬೋಲ್ಟು ನೋಡುತ್ತಿದ್ದರು. ಜೈಂಟ್ ವ್ಹೀಲಿನಲ್ಲಿ ಮೂರೂ ಜನ ಒಂದೇ ತೊಟ್ಟಿಲಲ್ಲಿ ಕೂತೆವು. ತುದಿಯಲ್ಲಿ ಅದು ಸ್ವಲ್ಪ ಹೊತ್ತು ನಿಂತಿತು. ಕೆಳಗೆ ಅಷ್ಟೊಂದು ಜನ, ಅಷ್ಟೊಂದು ಕಿರುಚಾಟ, ಮೇಲೆ ನಾವು ಮೂಕರು. ಸೂಜಿ ಒಮ್ಮೆ ನನ್ನ ಮುಖ, ಒಮ್ಮೆ ಅಪ್ಪನ ಮುಖ ನೋಡಿದಳು. ಫೋಟೋ ತೆಗೆಯುವ ಹುಡುಗಿ "ಸರ್, ಒಂಚೂರು ನಗಿ" ಎಂದಾಗ ಅವರು ಹಲ್ಲುನೋವು ಬಂದವರ ಹಾಗೆ ತುಟಿ ಅಗಲಿಸಿದರು.

ಮಧ್ಯಾಹ್ನ ಬಿಸಿಲು ಏರಿದ ಮೇಲೆ ನೀರಿನ ಕಡೆಗೆ ಹೋದೆವು. ಅಲ್ಲೊಂದು ಎತ್ತರದ ಜಾರುಬಂಡೆ. ನೆಟ್ಟಗೆ ಕೆಳಕ್ಕೆ. ಮಕ್ಕಳನ್ನು ಬಿಡುವುದಿಲ್ಲ. "ಅಪ್ಪಾ, ನೀನು ಹೋಗು, ನಾನು ನೋಡ್ತೀನಿ" ಎಂದು ಸೂಜಿ ಹಟ ಹಿಡಿದಳು. ಅವರು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದರು. ನಾನು ಟವೆಲು, ಅಂಗಿ ಹಿಡಿದುಕೊಂಡು ಕೊಳದ ಅಂಚಿನಲ್ಲಿ ನಿಂತೆ.

ಬಂದರು. ಬಾಣದ ಹಾಗೆ ಬಂದು ನೀರಿಗೆ ಬಿದ್ದು ಮುಳುಗಿ ಎದ್ದರು. ಸೂಜಿ ಚಪ್ಪಾಳೆ ತಟ್ಟಿ ಪಕ್ಕದ ಸಣ್ಣ ಜಾರುಬಂಡೆಯ ಸಾಲಿಗೆ ಓಡಿದಳು. ಅವರು ಮುಖದ ನೀರು ಒರೆಸಿಕೊಳ್ಳುತ್ತಾ ನನ್ನ ಕಡೆ ನಡೆದು ಬಂದರು. ನಗುತ್ತಿದ್ದರು. ಹಲ್ಲುನೋವಿನ ನಗೆಯಲ್ಲ, ಹಳೆಯ ನಗೆ.

"ಏನೇ ಇದು, ನೀರು ಇಷ್ಟು ತಣ್ಣಗಿದೆ! ಕೆಳಗೆ ಐಸ್ ಫ್ಯಾಕ್ಟರಿ ಇಟ್ಟಿದಾರಾ?" ಎಂದರು. ಸುತ್ತ ನೋಡಿದರು. "ನಾವಿಲ್ಲಿಗೆ ಯಾಕೆ ಬಂದ್ವಿ?"

ನನಗೆ ಉರಿದುಹೋಯಿತು. ಚುಚ್ಚುತ್ತಿದ್ದಾರೆ ಎಂದುಕೊಂಡೆ.

"ಯಾಕೆ ಅಂತ ಗೊತ್ತಿಲ್ವಾ? ಕೊನೇ ಸಲ ಮೂರೂ ಜನ ಒಟ್ಟಿಗೆ ಅಂತ ಬಂದ್ವಿ. ನಾಳೆ ಅವಳಿಗೆ ಹೇಳೋದಿದೆಯಲ್ಲ, ನಾವು ಬೇರೆ ಆಗ್ತಿದೀವಿ ಅಂತ."

ಅವರ ಮುಖ ನಾನು ಯಾವತ್ತೂ ಮರೆಯಲಾರೆ. ಕಪಾಳಕ್ಕೆ ಹೊಡೆಸಿಕೊಂಡವರ ಹಾಗೆ ತಲೆ ಹಿಂದಕ್ಕೆ ಹೋಯಿತು. "ಬೇರೆನಾ? ಯಾರು, ನಾವಾ? ಯಾಕೆ? ನಾನೇನು ಮಾಡ್ದೆ?"

"ನಾಟಕ ಬೇಡ."

"ನಾಟಕ ಅಲ್ಲ ಕಣೇ. ಹೇಳು, ಏನು ಮಾಡ್ದೆ? ಸರಿ ಮಾಡ್ಕೋತೀನಿ." ಕೊಳದ ಅಂಚು ಹಿಡಿದುಕೊಂಡು ನಿಂತಿದ್ದರು. ಕಣ್ಣು ತುಂಬಿತ್ತು. ನೀರು ಕೊಳದ್ದಲ್ಲ.

ಇಷ್ಟು ದಿನ ಕಾದಿದ್ದ "ಯಾಕೆ" ಈಗ ಬಂತಲ್ಲ, ಅದೂ ಇಷ್ಟು ಜನರ ನಡುವೆ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ದೊಡ್ಡ ರಬ್ಬರ್ ಟ್ಯೂಬಿನ ತುಂಬ ಜನ ಕಿರುಚುತ್ತಾ ಬಂದು ನೀರಿಗೆ ಬಿದ್ದರು. ಇವರು ಆ ಕಡೆ ತಿರುಗಿ ನೋಡಿದರು. ಮತ್ತೆ ನನ್ನ ಕಡೆ ತಿರುಗಿದಾಗ ಮುಖ ಒರೆಸಿದ ಸ್ಲೇಟಿನ ಹಾಗಿತ್ತು. ನಕ್ಕರು.

"ನೀರು ತಣ್ಣಗಿದೆ ಕಣೇ. ಐಸ್ ಫ್ಯಾಕ್ಟರಿ ಇಟ್ಟಿದಾರಾ ಕೆಳಗೆ? ನಾವಿಲ್ಲಿಗೆ ಯಾಕೆ ಬಂದ್ವಿ?"

ಅದೇ ನಗೆ. ಅದೇ ರಾಗ. ಕೈಯಲ್ಲಿದ್ದ ಟವೆಲು, ಅಂಗಿ ಎರಡೂ ನೀರಿಗೆ ಬಿದ್ದವು. ಅವರು ಅದನ್ನು ಎತ್ತಿ ಹಿಂಡಿ, "ನಿನ್ನ ಕೈಗೆ ಕೊಟ್ಟರೆ ಹೀಗೇ" ಎಂದು ನಗುತ್ತಾ ಕೊಟ್ಟರು.

ನಾನು ಕೂಗಿಕೊಂಡೆನಂತೆ. ಲೈಫ್‌ಗಾರ್ಡ್ ಓಡಿ ಬಂದ. ಪ್ರಥಮ ಚಿಕಿತ್ಸೆಯ ಕೋಣೆಗೆ ಕರೆದೊಯ್ದರು. ಅಲ್ಲಿನ ನರ್ಸು ತಲೆ ಮುಟ್ಟಿ ನೋಡಿದಳು, ಎಲ್ಲೂ ಏಟಿಲ್ಲ. ಹೆಸರು ಕೇಳಿದಳು, ಸರಿಯಾಗಿ ಹೇಳಿದರು. ನಾನು ಯಾರೆಂದು ಕೇಳಿದಳು. "ಇವಳು ನನ್ನ ಮೇಲಧಿಕಾರಿ" ಎಂದರು. ನರ್ಸು ನಕ್ಕಳು. ಇದು ಯಾವ ವರ್ಷ ಎಂದಳು. ಅವರು ಹೇಳಿದ ವರ್ಷ ಕೇಳಿ ನರ್ಸಿನ ನಗು ನಿಂತಿತು. ಹಿಂದಿನದಕ್ಕೂ ಹಿಂದಿನ ವರ್ಷ.

ಆಗ ಸೂಜಿ ಒದ್ದೆ ಕಾಲಲ್ಲಿ ಓಡಿ ಬಂದಳು. ಅವರು ಅವಳನ್ನೇ ನೋಡಿದರು, ಬಿಟ್ಟ ಕಣ್ಣು ಬಿಟ್ಟ ಹಾಗೆ. "ಇಷ್ಟು ಉದ್ದ ಯಾವಾಗ ಆದೆ ನೀನು? ಬಾಯಿ ತೆಗಿ ನೋಡೋಣ. ಲೇ, ಮುಂದಿನ ಹಲ್ಲು ಯಾವಾಗ ಬಂತು?"

"ಯಾವಾಗ್ಲೋ ಬಂತಪ್ಪಾ" ಎಂದು ಸೂಜಿ ನಕ್ಕಳು. ಅವಳಿಗೆ ಅದೊಂದು ಹೊಸ ಆಟ. ಅವರು ಎರಡನೇ ಸಲ ಅದನ್ನೇ ಕೇಳಿದಾಗಲೂ ನಕ್ಕಳು. ಮೂರನೇ ಸಲ ನಗಲಿಲ್ಲ. ನನ್ನ ಹತ್ತಿರ ಬಂದು ನಿಂತು, "ಅಮ್ಮಾ, ಅಪ್ಪಂಗೆ ಏನಾಯ್ತು?" ಎಂದಳು.

ಆಂಬುಲೆನ್ಸಿನಲ್ಲಿ ನಾವಿಬ್ಬರೂ ಅವರ ಪಕ್ಕ ಕೂತೆವು. ದಾರಿಯಲ್ಲಿ ಅವರು ಜೇಬು ತಡಕಿದರು. "ದಪ್ಪಣ್ಣಂಗೆ ಒಂದು ಫೋನ್ ಮಾಡು. ನಾಳೆ ನಾನು ಬರೋದು ತಡ ಆಗತ್ತೆ ಅಂತ ಹೇಳು. ಅವನೊಬ್ಬನೇ ಹೋದ್ರೆ ಹೊಟ್ಟೆ ಬಾಗಿಲಲ್ಲೇ ಸಿಕ್ಕಿ ಹಾಕ್ಕೊಳತ್ತೆ."

ಏನು ಹೇಳಬೇಕೆಂದು ನನಗೆ ಯಾರು ಕಲಿಸಿದ್ದಾರೆ? ನಿಜ ಹೇಳಿದೆ. "ದಪ್ಪಣ್ಣ ಇಲ್ಲ ರೀ. ತೀರಿಕೊಂಡು ಒಂದೂವರೆ ವರ್ಷ ಆಯ್ತು. ಲಿಫ್ಟಿನ ಗುಂಡಿಗೆ ಬಿದ್ದು."

ಅವರು ಎದ್ದು ಕೂತರು. "ನಾನೆಲ್ಲಿದ್ದೆ?"

ದಪ್ಪಣ್ಣನ ಮಣ್ಣಿಗೆ ನಾನೂ ಹೋಗಿದ್ದೆ, ಅವರ ಹೆಂಡತಿಯನ್ನು ತಬ್ಬಿಕೊಂಡು ಅತ್ತಿದ್ದೆ. ಆದರೆ ಅವರು ಬಿದ್ದ ಹೊತ್ತಿನಲ್ಲಿ ನನ್ನ ಗಂಡ ಎಲ್ಲಿದ್ದರು? ಮೇಲೋ, ಕೆಳಗೋ, ಪಕ್ಕದಲ್ಲೋ? ನನಗೆ ಗೊತ್ತಿಲ್ಲ. "ಕೆಲಸದಲ್ಲಿದ್ರಿ" ಎಂದೆ.

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು. ಮಣ್ಣಿನ ದಿನ ಒಂದು ಹನಿ ಕಣ್ಣೀರು ಹಾಕದ ಮನುಷ್ಯ. ಗಾಡಿಯ ಸದ್ದನ್ನೂ ಮೀರಿ ಅತ್ತರು. ಸೂಜಿ ಗರ ಬಡಿದವಳ ಹಾಗೆ ನೋಡುತ್ತಿದ್ದಳು. ಗಾಡಿ ಒಂದು ತಿರುವಿನಲ್ಲಿ ವಾಲಿತು. ಅವರು ಕೈ ತೆಗೆದು, ಕೆನ್ನೆಯ ಒದ್ದೆ ಮುಟ್ಟಿ ನೋಡಿಕೊಂಡು, ಅದು ಎಲ್ಲಿಂದ ಬಂತೆಂದು ತಿಳಿಯದವರ ಹಾಗೆ ನನ್ನತ್ತ ನೋಡಿದರು.

"ನಾವೆಲ್ಲಿಗೆ ಹೋಗ್ತಿದೀವಿ? ದಪ್ಪಣ್ಣಂಗೆ ಒಂದು ಫೋನ್ ಮಾಡು."

ನಾನು ಮಾತಾಡುವ ಮೊದಲೇ ಸೂಜಿ ಹೇಳಿದಳು. "ದಪ್ಪಣ್ಣ ಮಾಮ ಊರಿಗೆ ಹೋಗಿದಾರೆ ಅಪ್ಪಾ."

"ಅವನಿಗೆ ಯಾವ ಊರೇ? ಅವನ ಹೊಟ್ಟೆನೇ ಒಂದು ಊರು!"

ಸೂಜಿ ನಕ್ಕಳು. ಅವರೂ ನಕ್ಕರು. ನಾನೂ ನಕ್ಕೆ, ದೇವರಾಣೆ ನಕ್ಕೆ. ಆಮೇಲೆ ತಡೆಯಲಾಗದೆ ಕಿಟಕಿಯ ಕಡೆ ತಿರುಗಿದೆ. ನನ್ನ ಮಗಳು ಅಪ್ಪನಿಗಾಗಿ ಸುಳ್ಳು ಹೇಳುವುದನ್ನು ಅಷ್ಟು ಬೇಗ ಕಲಿತಳು.

ಅಷ್ಟು ಹೊತ್ತಿಗೆ ಅವರು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಯಾವಾಗ ಹಿಡಿದರೋ ನೋಡಲಿಲ್ಲ. "ನೋಯ್ತಿದೆ ರೀ, ಯಾಕೆ ಹೀಗೆ ಹಿಡ್ಕೊಂಡಿದೀರಿ?" ಎಂದೆ.

"ಗೊತ್ತಿಲ್ಲ" ಎಂದರು. "ಬಿಟ್ರೆ ಏನೋ ಆಗತ್ತೆ ಅನ್ಸತ್ತೆ. ಏನು ಅಂತ ಗೊತ್ತಿಲ್ಲ."

ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು, ರಕ್ತ ತೆಗೆದರು. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. "ಹೆದರಬೇಡಿ. ಇದು ಅಪರೂಪ, ಆದ್ರೆ ಆಗತ್ತೆ. ಮೈ ಬೆಚ್ಚಗಿದ್ದಾಗ ತಣ್ಣನೆ ನೀರಿಗೆ ಥಟ್ಟಂತ ಇಳಿದಾಗ ಒಬ್ಬೊಬ್ಬರಿಗೆ ಹೀಗೆ ಆಗೋದುಂಟು. ಹೊಸದು ಏನೂ ನೆನಪಲ್ಲಿ ನಿಲ್ಲಲ್ಲ, ಹಳೇದು ಸ್ವಲ್ಪ ಅಳಿಸಿ ಹೋಗಿರತ್ತೆ. ಒಂದು ದಿನದೊಳಗೆ ಎಲ್ಲಾ ವಾಪಸ್ ಬರತ್ತೆ. ಇವತ್ತಿನ ಈ ಕೆಲವು ಗಂಟೆ ಮಾತ್ರ ಅವರಿಗೆ ಯಾವತ್ತೂ ಸಿಗಲ್ಲ."

"ಎಲ್ಲಾ ವಾಪಸ್ ಬರತ್ತಾ?" ಎಂದು ಕೇಳಿದೆ. "ಎಲ್ಲಾ" ಎಂದರು. ಸಮಾಧಾನ ಆಗಬೇಕಿತ್ತು.

ಸಂಜೆಯವರೆಗೂ ಇವರು ಮಾತಾಡಿದರು. ಅಬ್ಬಾ, ಎಂಥ ಮಾತು! ಪಕ್ಕದ ಮಂಚದ ಅಜ್ಜನಿಗೆ ಲಿಫ್ಟಿನಲ್ಲಿ ಸಿಕ್ಕಿಕೊಂಡ ಮದುಮಗನ ಕಥೆ ಹೇಳಿದರು. ಆ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ವಲ್ಪ ಹೊತ್ತಿಗೆ ಅದೇ ಕಥೆ ಮೊದಲಿಂದ ಹೇಳಿದರು. ಅಜ್ಜ ಮತ್ತೆ ನಕ್ಕರು, ದೊಡ್ಡ ಮನಸ್ಸಿನವರು. ನಡುನಡುವೆ ನನ್ನತ್ತ ತಿರುಗಿ, "ನಾವಿಲ್ಲಿಗೆ ಯಾಕೆ ಬಂದ್ವಿ?" ಎಂದು ಕೇಳುವರು. ನಿಜವನ್ನು ಇನ್ನೊಂದು ಸಲ ಹೇಳಿ ಆ ಮುಖ ನೋಡುವ ಶಕ್ತಿ ನನಗಿರಲಿಲ್ಲ. ಒಮ್ಮೆ "ತಲೆ ತಿರುಗಿತ್ತು ನಿಮಗೆ" ಎಂದೆ. ಒಮ್ಮೆ "ಅಜ್ಜನ್ನ ನೋಡೋಕೆ" ಎಂದೆ. ಹೊರಡುವ ಮೊದಲು ಕೇಳಿದಾಗ, "ಸುಮ್ನೆ, ಮೂರೂ ಜನ ಒಟ್ಟಿಗೆ ಇರೋಣ ಅಂತ" ಎಂದೆ. ಅಷ್ಟು ಹೊತ್ತಿಗೆ ಸುಳ್ಳು ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು.

"ಒಳ್ಳೇದಾಯ್ತು" ಎಂದರು ಇವರು.

ಇವತ್ತು ಬೆಳಿಗ್ಗೆ ಹೋದಾಗ ಮಂಚದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ನೋಡಿದ ಕೂಡಲೇ ತಿಳಿಯಿತು. "ಜೈಂಟ್ ವ್ಹೀಲ್ ಹತ್ತಿದ್ದು ಗೊತ್ತು" ಎಂದರು. "ಆಮೇಲೆ ಏನೂ ಇಲ್ಲ." ಹೊದಿಕೆ ಸರಿಸುತ್ತಾ, "ಸೂಜಿಗೆ ಹೇಳಿ ಆಯ್ತಾ?" ಎಂದರು.

"ಇಲ್ಲ."

"ಆಯ್ತು."

ಪಕ್ಕದ ಅಜ್ಜ "ಏನಪ್ಪಾ, ಇವತ್ತು ಮದುಮಗನ ಕಥೆ ಇಲ್ವಾ?" ಎಂದರು. ಇವರು ಅವರನ್ನು ಗುರುತಿಲ್ಲದವರ ಹಾಗೆ ನೋಡಿದರು. ನಿನ್ನೆ ನಮ್ಮ ಮನೆಗೆ ಬಂದಿದ್ದ ನೆಂಟರೊಬ್ಬರು ಹೇಳದೇ ಕೇಳದೇ ಎದ್ದು ಹೋದ ಹಾಗಿತ್ತು. ಆಸ್ಪತ್ರೆಯ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದೆ.

ಮೇ ೬, ಮಂಗಳವಾರ

ಒಂದು ಜೋಡಿ ಪರದೆಯನ್ನು ಗೇಣುದ್ದ ಗಿಡ್ಡ ಕತ್ತರಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ.

ಶಾಲೆಯಿಂದ ಬಂದ ಸೂಜಿ ಚೀಲ ಇಳಿಸುವ ಮೊದಲೇ ಕೇಳಿದಳು. "ಅಮ್ಮಾ, ಅಪ್ಪನ್ನ ಇನ್ನೊಂದು ಸಲ ಆ ಜಾರುಬಂಡೆಗೆ ಕರ್ಕೊಂಡು ಹೋಗೋಣ್ವಾ?"

"ಯಾಕೆ?"

"ಅವತ್ತಿನ ಥರ ಆಗ್ಲಿ ಅಂತ."

ಕೆನ್ನೆಗೆ ಬಾರಿಸಬೇಕೆನಿಸಿತು. ತಬ್ಬಿಕೊಂಡೆ. ಅವಳ ತಲೆಗೂದಲಲ್ಲಿ ಇನ್ನೂ ಆ ಕೊಳದ ಔಷಧಿಯ ವಾಸನೆ ಇದೆ.

ಹೇಳುವುದನ್ನು ಶನಿವಾರಕ್ಕೆ ಇಟ್ಟುಕೊಂಡಿದ್ದೇವೆ. ಅಕ್ಕನೇ ಗೊತ್ತು ಮಾಡಿದಳು. "ಎಳೆದಷ್ಟೂ ಎಳೆಯತ್ತೆ ಕಣೇ, ಮುಗಿಸಿಬಿಡು" ಎಂದಳು.

ಮೇ ೮, ಗುರುವಾರ

ಊಟದ ಹೊತ್ತಿನಲ್ಲಿ ಸೂಜಿ ತಟ್ಟೆ ನೋಡಿಕೊಂಡು, "ನನ್ನ ಹೊಟ್ಟೆನೇ ಒಂದು ಊರು" ಎಂದಳು. ಇವರ ಕೈ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. "ಇದನ್ನ ಯಾರು ಹೇಳಿದ್ದು ನಿಂಗೆ?"

"ನೀನೇ. ಅವತ್ತು."

ಆಮೇಲೆ ಅಡುಗೆಮನೆಗೆ ಬಂದು ನಿಂತರು. ನಾನು ಪಾತ್ರೆ ತೊಳೆಯುತ್ತಿದ್ದೆ. "ಅವತ್ತು ನಾನು ಏನೇನು ಮಾತಾಡ್ದೆ?" ಎಂದು ಕೇಳಿದರು. ಹೆದರಿದ್ದರು. ತನ್ನ ಬಾಯಿಂದ ತನಗೇ ಗೊತ್ತಿಲ್ಲದೆ ಏನು ಹೊರಬಿತ್ತೋ ಎಂದು ಹೆದರಿದ ಮುಖ. "ತುಂಬಾ ಮಾತಾಡಿದ್ರಿ" ಎಂದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಮೇ ೧೦, ಶನಿವಾರ

ಸೂಜಿ ಗೆಳತಿಯ ಮನೆಗೆ ಆಡಲು ಹೋಗಿದ್ದಳು. ಅವಳು ಬರುವ ಹೊತ್ತಿಗೆ ಅಕ್ಕನೂ ಬರುವುದೆಂದು ಮಾತಾಗಿತ್ತು. ಇವರು ಒಳಗಿನ ಕೋಣೆಯಲ್ಲಿ ಬಟ್ಟೆ ಚೀಲಕ್ಕೆ ತುಂಬುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಅಂಗಿಗಳನ್ನು ಮುದುರಿ ತುರುಕುತ್ತಿದ್ದರು. ಮಡಚಿ ಕೊಡಲೆಂದು ಕೈ ಮುಂದೆ ಹೋಯಿತು, ಎಳೆದುಕೊಂಡೆ.

"ಅವತ್ತು ನೀವು ಒಂದು ಪ್ರಶ್ನೆ ಕೇಳಿದ್ರಿ. ನನ್ನ ಹತ್ರ ಉತ್ತರ ಇರ್ಲಿಲ್ಲ."

ತಲೆ ಎತ್ತಲಿಲ್ಲ. "ಏನು?"

"ದಪ್ಪಣ್ಣ ಬಿದ್ದಾಗ ನಾನೆಲ್ಲಿದ್ದೆ ಅಂತ."

ಅವರು ಕೈಯಲ್ಲಿದ್ದ ಅಂಗಿಯ ಜೊತೆಗೇ ಮಂಚದ ಮೇಲೆ ಕುಸಿದು ಕೂತರು. ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಿ, ಆಗದೆ, ಮತ್ತೆ ಮತ್ತೆ ಒದೆಯುತ್ತಿದ್ದರು. ಇವತ್ತೂ "ಆಯ್ತು" ಎನ್ನುತ್ತಾರೆ, ನಾನು ಹೊರಗೆ ಹೋಗುತ್ತೇನೆ ಎಂದುಕೊಂಡೆ.

"ಮೇಲಿದ್ದೆ, ಲಿಫ್ಟ್ ಮಿಷನ್ ರೂಮಲ್ಲಿ" ಎಂದರು. "ಕೂಗು ಕೇಳ್ತು. ಮೆಟ್ಟಿಲು ಇಳಿದು ಓಡಿದೆ. ಗುಂಡಿ ಒಳಗೆ ಇಳಿದು ಅವನ ತಲೆ ತೊಡೆ ಮೇಲೆ ಇಟ್ಕೊಂಡೆ. ಎಚ್ಚರ ಇತ್ತು. 'ನಿದ್ದೆ ಬರ್ತಿದೆ ಕಣೋ, ಏನಾದ್ರೂ ಮಾತಾಡ್ತಿರು' ಅಂದ. ಮಾತಾಡ್ದೆ. ನಂಗೆ ಬರೋದು ಅದೊಂದೇ ಅಲ್ವಾ. ಸೂಜಿ ಹಲ್ಲು ಬಿದ್ದಿದ್ದು, ನೀನು ಅದನ್ನ ಬಟನ್ ಡಬ್ಬೀಲಿ ಇಟ್ಟಿದ್ದು, ಆ ಮದುಮಗನ ಕಥೆ. ಎಲ್ಲಾ ಹೇಳ್ದೆ. ಅವನು ಹೂಂ ಅಂತಿದ್ದ. ಆಮೇಲೆ ಹೂಂ ಅನ್ಲಿಲ್ಲ. ಕೇಳಿಸ್ಕೋತಿದಾನೆ ಅಂದ್ಕೊಂಡೆ. ಹೇಳ್ತಾನೇ ಇದ್ದೆ. ಜನ ಬಂದ್ರು. ಯಾರೋ ಭುಜ ಮುಟ್ಟಿ, 'ಸಾಕು, ಇನ್ನು ಸಾಕು' ಅಂದ್ರು."

ಬಾಗಿಲ ಚೌಕಟ್ಟಿಗೆ ಒರಗಿ ಅಲ್ಲೇ ನೆಲದ ಮೇಲೆ ಕೂತೆ.

"ಎಷ್ಟು ಹೊತ್ತು ಹೆಣದ ಜೊತೆ ಮಾತಾಡ್ದೆ ಅಂತ ಈಗ್ಲೂ ಗೊತ್ತಿಲ್ಲ" ಎಂದರು. "ಅವತ್ತು ಮನೆಗೆ ಬಂದಾಗ ನೀನು ಸೂಜಿಗೆ ಊಟ ಮಾಡಿಸ್ತಿದ್ದೆ. ಇಬ್ರೂ ಏನಕ್ಕೋ ನಗ್ತಿದ್ರಿ. ಇವತ್ತು ಬೇಡ, ನಾಳೆ ಹೇಳ್ತೀನಿ ಅಂದ್ಕೊಂಡೆ. ಮಾರನೇ ದಿನ ಬಾಯಿ ತೆಗೆದ್ರೆ... ಬಾಯಿ ತೆಗೆದಾಗೆಲ್ಲ ಆ ತೊಡೆ ಮೇಲಿನ ಭಾರ ನೆನಪಾಗತ್ತೆ. ಎದುರಿಗೆ ಇರೋರು ಕೇಳಿಸ್ಕೋತಿದಾರೋ ಇಲ್ವೋ ಅಂತ ಭಯ ಆಗತ್ತೆ."

ಏನಾದರೂ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಒಂದೇ ಶಬ್ದ. "ಹೂಂ" ಎಂದೆ.

ಇವರು ತಟಕ್ಕನೆ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಮುಂದೆ ಹೇಳಿದರು. ದಪ್ಪಣ್ಣ ಅವತ್ತು ಮಧ್ಯಾಹ್ನ ಊಟಕ್ಕೆ ಏನು ತಂದಿದ್ದರು, ಬೆಳಿಗ್ಗೆ ಯಾವುದಕ್ಕೆ ಜಗಳ ಮಾಡಿಕೊಂಡಿದ್ದರು, ಅವರ ಹೆಂಡತಿಯ ಮುಖ ನೋಡಲಾಗದೆ ಇವರು ದಾರಿ ಬದಲಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದದ್ದು. ನಾನು ಹೂಂಗುಟ್ಟುತ್ತಾ ಕೂತೆ. ನಡುವೆ ಒಮ್ಮೆ, ಕೊಳದ ಅಂಚಿನಲ್ಲಿ ನಿಂತು "ನಾನೇನು ಮಾಡ್ದೆ, ಸರಿ ಮಾಡ್ಕೋತೀನಿ" ಎಂದು ಇವರು ಕೇಳಿದ್ದನ್ನು ಹೇಳಿದೆ. "ನಾನಾ? ಹಾಗಂದ್ನಾ?" ಎಂದರು. ನಂಬಲಿಲ್ಲ. ನನ್ನ ಮಣಿಕಟ್ಟನ್ನೇ ನೋಡುತ್ತಿದ್ದರು. ಅಲ್ಲಿ ಈಗ ಏನೂ ಇಲ್ಲ.

ಟೈರ್ ಅಂಗಡಿ ಮೇಲಿನ ರೂಮಿನ ಬೀಗದ ಕೈ ಇವರ ಜೇಬಿನಲ್ಲೇ ಇದೆ. ಅದರ ಬಗ್ಗೆ ಇಬ್ಬರೂ ಏನೂ ಎನ್ನಲಿಲ್ಲ. ಏನಾಗುತ್ತದೋ ನನಗೆ ತಿಳಿಯದು.

ಫೋನ್ ಹೊಡೆದುಕೊಂಡಿತು. ಎದ್ದು ಹೊರಗಿನ ಕೋಣೆಗೆ ಬಂದು ಎತ್ತಿದೆ. ಅಕ್ಕ.

"ಹೊರಟಿದೀನಿ. ಮಗು ಬಂತಾ? ಹೇಳಿ ಆಯ್ತಾ?"

"ಇಲ್ಲ ಅಕ್ಕ. ನೀನು ಇವತ್ತು ಬರ್ಬೇಡ."

"ಯಾಕೆ? ಏನಾಯ್ತೇ?"

"ಮಾತು ನಡೀತಿದೆ. ಇನ್ನೂ ಮುಗಿದಿಲ್ಲ."

"ಮಾತಾ? ಯಾರು ಮಾತಾಡ್ತಿರೋದು?"

"ಇವರು" ಎಂದೆ. ಫೋನ್ ಇಟ್ಟು ಒಳಗೆ ಹೋದೆ. ನಾನು ಎದ್ದು ಬಂದಿದ್ದಕ್ಕೆ ಹೇಳುತ್ತಿದ್ದುದನ್ನು ಅರ್ಧಕ್ಕೇ ನಿಲ್ಲಿಸಿ ಕಾಯುತ್ತಿದ್ದರು.